ಕರಿ ಟೇಪು ಸುತ್ತದ ಬಿಳಿ ತಂತಿ

ವರ್ನಾ ಸೆಡ್ಲಾಕ್‌ಳ ಅಡುಗೆಮನೆಯಲ್ಲಿ ಫ್ರಿಜ್ಜಿನ ಮೇಲೆ ಒಂದು ಕಾಫಿಪುಡಿ ಡಬ್ಬವಿತ್ತು. ಅದರಲ್ಲಿ ಕಾಫಿ ಇದ್ದದ್ದು ಮೂವತ್ತೇಳು ವರ್ಷಗಳ ಹಿಂದೆ. ಆಮೇಲೆ ಅದರೊಳಗಿದ್ದದ್ದು ಒಂದು ಮೂಲೆ ಸುಟ್ಟು ಕರಗಿದ ಗೋಡೆಯ ಸಾಕೆಟ್ಟು. ಕೆಲವರು ಸತ್ತ ಗಂಡನ ಫೋಟೋ ಇಟ್ಟುಕೊಳ್ಳುತ್ತಾರೆ, ಕೆಲವರು ಮಾತೆ ಮೇರಿಯ ಪಟ ಇಟ್ಟುಕೊಳ್ಳುತ್ತಾರೆ. ವರ್ನಾ ತನ್ನ ಹಗೆಯನ್ನು ಡಬ್ಬದಲ್ಲಿ ಇಟ್ಟುಕೊಂಡಿದ್ದಳು. ವಾರಕ್ಕೊಮ್ಮೆ ಧೂಳು ಒರೆಸುವಾಗ ಅದನ್ನು ಅಲ್ಲಾಡಿಸಿ, ಒಳಗಿನ ಸದ್ದು ಕೇಳಿ, ಮತ್ತೆ ಅಲ್ಲೇ ಇಡುತ್ತಿದ್ದಳು.

ಮನಾಂಗಹೀಲ ನದಿಯಂಚಿನ ನಮ್ಮ ಕಾರ್ವರ್ಸ್ ಬೆಂಡ್‌ನಲ್ಲಿ ಕರೆಂಟಿನ ಕೆಲಸಕ್ಕೆ ಯಾರನ್ನು ಕರೆಯಲಿ ಎಂದು ಕೇಳಿದರೆ ಹತ್ತರಲ್ಲಿ ಎಂಟು ಜನ ಅವಳ ಹೆಸರನ್ನೇ ಹೇಳುತ್ತಾರೆ. ಬೆನ್ನ ಹಿಂದೆ 'ಟೇಪು ವರ್ನಾ' ಎನ್ನುತ್ತಾರೆ. ಆ ಹೆಸರಿಗೆ ಕಾರಣವಿದೆ. ಇಲ್ಲಿನ ಮನೆಗಳಿಗೆ ಕರೆಂಟು ತರುವ ತಂತಿ ಎರಡು. ಒಂದನ್ನೇ ಬಳಸಿದರೆ ನೂರಿಪ್ಪತ್ತು ವೋಲ್ಟು. ದೀಪ, ರೇಡಿಯೋ, ಹೊಲಿಗೆ ಯಂತ್ರಕ್ಕೆ ಅಷ್ಟು ಸಾಕು. ಎರಡನ್ನೂ ಸೇರಿಸಿದರೆ ಇನ್ನೂರ ನಲವತ್ತು. ಅದು ಒಲೆ, ಬಟ್ಟೆ ಒಣಗಿಸುವ ಯಂತ್ರ, ಕಿಟಕಿಯ ದೊಡ್ಡ ಏಸಿಗೆ. ನೂರಿಪ್ಪತ್ತರ ಮಾಮೂಲಿ ಸಾಲಿನಲ್ಲಿ ಕಪ್ಪು ತಂತಿ ಕರೆಂಟು ತರುತ್ತದೆ, ಬಿಳಿಯದು ಸಾಧುವಿನಂತೆ ವಾಪಸು ಒಯ್ಯುತ್ತದೆ. ಇನ್ನೂರ ನಲವತ್ತರ ದೊಡ್ಡ ಸಾಲಿನಲ್ಲಿ ಮಾತ್ರ ಬಿಳಿಯೂ ಕಪ್ಪಿನಷ್ಟೇ ಕೊಲ್ಲುತ್ತದೆ. ಅದಕ್ಕೇ ಆ ಬಿಳಿ ತಂತಿಯ ತುದಿಗೆ ಕರಿ ಟೇಪು ಸುತ್ತಬೇಕು. ನನ್ನ ಬಣ್ಣ ನಂಬಬೇಡ ಎಂದು ಮುಂದೆ ಬರುವವನಿಗೆ ಹೇಳುವ ಗುರುತು ಅದು.

ದೊಡ್ಡ ಸಾಕೆಟ್ಟನ್ನು ಮಾಮೂಲಿ ಮಾಡಬೇಕಾದರೆ ಗೋಡೆಯಲ್ಲಿ ಸಾಕೆಟ್ಟು ಬದಲಿಸಿದರೆ ಸಾಲದು. ಮನೆಗೆಲ್ಲ ಕರೆಂಟು ಹಂಚುವ ಪ್ಯಾನೆಲ್ ಪೆಟ್ಟಿಗೆಯಲ್ಲಿ ಜೋಡಿ ಬ್ರೇಕರ್ ಸ್ವಿಚ್ಚು ಕಿತ್ತು ಒಂಟಿ ಬ್ರೇಕರ್ ಹಾಕಬೇಕು, ಬಿಳಿ ತಂತಿಯನ್ನು ಬ್ರೇಕರಿನಿಂದ ಬಿಡಿಸಿ ಪಕ್ಕದ ವಾಪಸು ಪಟ್ಟಿಗೆ ಕಟ್ಟಬೇಕು. ಅದನ್ನು ಮರೆತರೆ ಮಾಮೂಲಿ ಮುಖದ ಸಾಕೆಟ್ಟಿನ ಹಿಂದೆ ಎರಡರಷ್ಟು ಕರೆಂಟು ಹಲ್ಲು ಕಿರಿದು ಕೂತಿರುತ್ತದೆ. ಬಿಳಿ ತಂತಿಗೆ ಟೇಪು ಸುತ್ತಿದ್ದರೆ ಕೆಲಸದವನಿಗೆ ನೆನಪಾಗುತ್ತದೆ. ಸುತ್ತದಿದ್ದರೆ ನೆನಪು ಮಾಡುವವರು ಯಾರೂ ಇಲ್ಲ. ವರ್ನಾ ಒಂದು ಸುತ್ತು ಸಾಲದೆಂದು ಎರಡು ಸುತ್ತು ಸುತ್ತುತ್ತಾಳೆ.

ಇಪ್ಪತ್ತಮೂರನೇ ವಯಸ್ಸಿನಲ್ಲಿ ಅವಳು ಕರೆಂಟು ಕೆಲಸಗಾರರ ಸಂಘದಲ್ಲಿ ಕೆಲಸ ಕಲಿಯಲು ಸೇರಿದಳು; ಹಾಗೆ ಸೇರಿದ ಮೊದಲ ಹೆಣ್ಣು ಅವಳೇ. ಉಕ್ಕಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಬೆವರು ಸುರಿಸಿದ ಅಪ್ಪ ಆ ದಿನ ಇಡೀ ಬೀದಿಗೆ ಕೇಳುವಂತೆ, "ನನ್ ಮಗಳು ಕರೆಂಟಿಗೇ ಲಗಾಮು ಹಾಕ್ತಾಳೆ" ಎಂದು ಕೂಗಿದ್ದ. ಅವಳಿಗೆ ಕೆಲಸ ಕಲಿಸಲು ನೇಮಿಸಿದ್ದು ಹಾರ್ಲನ್ ಟೈಸ್ ಎಂಬುವನನ್ನು. ಎಡಗೈಯವನು, ಬಾಯಿ ಜೋರು, ನಗಿಸುವ ಮನುಷ್ಯ, ಅವಸರದ ಕೆಲಸಗಾರ. ಅವನು ಬಿಳಿ ತಂತಿಗೆ ಟೇಪು ಸುತ್ತಿದವನೇ ಅಲ್ಲ. "ಟೇಪು ಮರೆವಿನೋರಿಗೆ ಕಣೇ ಹುಡುಗಿ, ನಂಗೆ ತಲೇಲಿದೆ" ಎನ್ನುತ್ತಿದ್ದ. ಅವನದು ಇನ್ನೊಂದು ಗುರುತಿತ್ತು. ಎಲ್ಲರೂ ತಂತಿಯನ್ನು ಸ್ಕ್ರೂ ತಿರುಗುವ ಕಡೆಗೇ ಬಲಸುತ್ತು ಕೊಕ್ಕೆ ಮಾಡಿ ಸಿಕ್ಕಿಸಿದರೆ, ಹಾರ್ಲನ್ನನ ಎಡಗೈ ಅದನ್ನು ಉಲ್ಟಾ ಸುತ್ತುತ್ತಿತ್ತು.

ಮಿಲ್ ಬೀದಿಯಲ್ಲಿ ಮದುವೆಯ ಉಡುಪು ಹೊಲಿದು ಬದುಕುತ್ತಿದ್ದ ಮಿಸೆಸ್ ಪಾವ್ಲಿಕ್ ಎಂಬ ವಿಧವೆಯ ಮನೆಗೆ ಅವರಿಬ್ಬರೂ ಹೋದದ್ದು ಒಂದು ಸಣ್ಣ ಕೆಲಸಕ್ಕೆ. ಹಳೇ ಏಸಿಯ ದೊಡ್ಡ ಸಾಕೆಟ್ಟನ್ನು ಹೊಲಿಗೆ ಯಂತ್ರಕ್ಕೆ ಮಾಮೂಲಿ ಮಾಡಿಕೊಡಬೇಕಿತ್ತು. ವರ್ನಾ ವ್ಯಾನಿನಿಂದ ಸಾಮಾನು ತರುವಷ್ಟರಲ್ಲಿ ಹಾರ್ಲನ್ ಕೆಲಸ ಮುಗಿಸಿ ಸಿಗರೇಟು ಹಚ್ಚಿದ್ದ. ನಮ್ಮಲ್ಲಿ ಒಂದು ಕಟ್ಟಳೆ ಇದೆ: ತಂತಿ ಕಟ್ಟಿದವನೇ ಪ್ಯಾನೆಲ್ ಬಾಗಿಲ ಒಳಗಿನ ಚೀಟಿಯಲ್ಲಿ ಹೆಸರಿನ ಅಕ್ಷರ ಬರೆಯಬೇಕು, ಅವನೇ ಬ್ರೇಕರ್ ಮೇಲೆತ್ತಿ ಕರೆಂಟು ಬಿಡಬೇಕು. "ಕಲಿಯೋಳು ನೀನು. ನೀನೇ ಬರಿ, ನೀನೇ ಎತ್ತು" ಎಂದ ಹಾರ್ಲನ್. ಗುರು ಮರ್ಯಾದೆ ಕೊಟ್ಟನೆಂದು ಅವಳು ಉಬ್ಬಿಹೋಗಿ 'ವಿ.ಎಸ್.' ಎಂದು ಅಂದವಾಗಿ ಬರೆದಳು. ಎತ್ತಿದಳು. ಮುದುಕಿಯ ಹೊಲಿಗೆ ಯಂತ್ರ ದೆವ್ವ ಹಿಡಿದಂತೆ ಓಡಿ, ಹೊಗೆಯಾಡಿ, ಅದರಡಿಯಲ್ಲಿದ್ದ ಯಾರದೋ ಮದುವೆಯ ಬಿಳಿ ಉಡುಪು ಹೊತ್ತಿಕೊಂಡಿತು.

ಸಂಘದ ಸಮಿತಿಯ ಮುಂದೆ ಹಾರ್ಲನ್ ಹೇಳಿದ್ದು ಒಂದೇ ಮಾತು: "ನಾನು ಊಟಕ್ಕೆ ಹೋಗಿದ್ದೆ. ಚೀಟಿ ನೋಡ್ಕೊಳ್ಳಿ." ವರ್ನಾ ಸುಟ್ಟ ಸಾಕೆಟ್ಟನ್ನು ಕಸದಿಂದ ಹೆಕ್ಕಿ ತಂದು ಮೇಜಿನ ಮೇಲಿಟ್ಟಳು. ಕೊಕ್ಕೆ ಉಲ್ಟಾ ಇದೆ ನೋಡಿ, ನನ್ನದು ಬಲಗೈ, ಎಂದಳು. ಸಮಿತಿಯ ಯಜಮಾನ ಕ್ಲೆಮ್ ಡುಡೆಕ್ ಅದನ್ನು ಮುಟ್ಟಲೂ ಇಲ್ಲ. "ಹೆಂಗಸ್ರ ಕೈ ಯಾವ ಕಡೆ ಸುತ್ತುತ್ತೋ ಯಾರಿಗ್ಗೊತ್ತು ಮಾರಾಯ್ತಿ" ಎಂದ. ಎಲ್ಲರೂ ನಕ್ಕರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುತ್ತಾರಲ್ಲ, ಹಾಗೆ. ಅವಳ ಹೆಸರನ್ನು ಸಂಘದ ಪುಸ್ತಕದಿಂದ ಹೊಡೆದು ಹಾಕಿದರು.

ಆಮೇಲೆ ಹನ್ನೊಂದು ವರ್ಷ ಅವಳು ಕಾಸು ಹಾಕಿ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಕೆಟ್ಟ ಯಂತ್ರಗಳ ಹೊಟ್ಟೆಯೊಳಗೆ ತಲೆ ಹಾಕಿ ಕಳೆದಳು. ಪಟ್ಟಣಕ್ಕೆ ಹೋಗಿ ಪರೀಕ್ಷೆ ಬರೆದು, ಲೈಸೆನ್ಸ್ ತೆಗೆದು, ಸ್ವಂತ ವ್ಯಾನು ಮಾಡಿಕೊಂಡಳು. ಅದೆಲ್ಲ ಆಯಿತು. ಆಗದೆ ಉಳಿದದ್ದು ಅಪ್ಪನ ವಿಷಯ. ಈಸ್ಟರಿಗೆ ಮುಂಚಿನ ಶುಕ್ರವಾರಗಳಲ್ಲಿ ಅಗ್ನಿಶಾಮಕ ದಳದ ಸಭಾಂಗಣದಲ್ಲಿ ಊರೆಲ್ಲ ಕರಿದ ಮೀನಿನ ಊಟಕ್ಕೆ ಸೇರುತ್ತದೆ. ಅಪ್ಪ ಅಲ್ಲಿಗೆ ಹೋಗುವುದನ್ನೇ ಬಿಟ್ಟ. ಮನೆಯಲ್ಲೇ ಎಲೆಕೋಸು ಬೆರೆಸಿದ ನೂಡಲ್ಸು ತಿಂದು ಗೋಡೆ ನೋಡುತ್ತಿದ್ದ. ಸಾಯುವ ಮುನ್ನ ಆಸ್ಪತ್ರೆಯಲ್ಲಿ ಅವಳ ಕೈ ಹಿಡಿದು, "ಒಂದ್ಸಲ ಒಪ್ಕೊಂಡ್ಬಿಡು ವರ್ನಾ. ತಪ್ಪು ಎಲ್ರೂ ಮಾಡ್ತಾರೆ. ಒಪ್ಕೊಂಡ್ರೆ ಹಗುರ ಆಗುತ್ತೆ" ಎಂದ. ಅವಳು ಒಪ್ಪಿಕೊಳ್ಳಲಿಲ್ಲ. ಅವನು ನಂಬದೆಯೇ ಹೋದ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಅವಳಿಗೆ ಆನೆ ಬೇಕಿರಲಿಲ್ಲ. ಹಾರ್ಲನ್ ಟೈಸ್ ಬೇಕಿತ್ತು.

ಕಳೆದ ಮಾರ್ಚಿನಲ್ಲಿ ಅವನೇ ಫೋನ್ ಮಾಡಿದ.

"ಯಾರು ಗೊತ್ತಾಯ್ತಾ ಹುಡುಗಿ? ನಿನ್ ಹಳೇ ಮೇಷ್ಟ್ರು!" ಎಪ್ಪತ್ತೆಂಟರ ದನಿಯಲ್ಲೂ ಅದೇ ಲವಲವಿಕೆ. "ನೆಲಮಾಳಿಗೇಲಿ ಆಟದ ರೈಲು ಹಾಕಿದೀನಿ. ಬಟ್ಟೆ ಒಣಗ್ಸೋ ಯಂತ್ರದ ಹಳೇ ಸಾಕೆಟ್ ಇತ್ತಲ್ಲ, ಅದನ್ನ ಮಾಮೂಲಿ ಮಾಡ್ದೆ. ಕೆಲ್ಸ ಎಲ್ಲ ಮುಗ್ದಿದೆ. ಕಣ್ಣಿಗೆ ಪೊರೆ ಬಂದಿದೆ ನೋಡು, ಯಾರಾದ್ರೂ ಒಂದ್ಸಲ ಕಣ್ಣಾಡಿಸ್ಲಿ ಅಂತ. ಸಂಘದ ಹುಡುಗ್ರನ್ನ ಕರೆದ್ರೆ ಆಡ್ಕೊಂಡು ನಗ್ತಾರೆ. ನೀನಾದ್ರೆ ನಮ್ಮೋಳು."

ನಮ್ಮೋಳು ಎಂಬ ಆ ಮಾತು ಅವಳ ಕಿವಿಯಲ್ಲಿ ಕಾದ ಎಣ್ಣೆಯಂತೆ ಇಳಿಯಿತು. ಶನಿವಾರ ಮಧ್ಯಾಹ್ನ ಬರುತ್ತೇನೆಂದಳು. ಹೊರಡುವಾಗ ಫ್ರಿಜ್ಜಿನ ಮೇಲಿನ ಡಬ್ಬವನ್ನು ಸಾಮಾನಿನ ಚೀಲಕ್ಕೆ ಹಾಕಿಕೊಂಡಳು. ಏಕೆಂದು ಅವಳಿಗೂ ಆಗ ಗೊತ್ತಿರಲಿಲ್ಲ. ಅವನ ಮುಖಕ್ಕೆ ಎಸೆಯಬಹುದು ಅನ್ನಿಸಿತ್ತು, ಅಷ್ಟೇ.

ಹಾರ್ಲನ್ ರೈಲು ಚಾಲಕರ ಪಟ್ಟೆಪಟ್ಟೆ ಟೋಪಿ ಹಾಕಿಕೊಂಡು ಬಾಗಿಲು ತೆರೆದ. ನೆಲಮಾಳಿಗೆಯ ಉದ್ದಕ್ಕೂ ಮೇಜು, ಮೇಜಿನ ತುಂಬ ಕಾರ್ವರ್ಸ್ ಬೆಂಡ್. ಈಗಿನದಲ್ಲ, ಕಾರ್ಖಾನೆ ಉರಿಯುತ್ತಿದ್ದ ಕಾಲದ್ದು. ಕೆಂಪು ಬಲ್ಬಿನ ಕುಲುಮೆ, ಸೇತುವೆ, ಚರ್ಚು, ಮಿಲ್ ಬೀದಿಯ ಸಾಲುಮನೆಗಳು. ಮಿಸೆಸ್ ಪಾವ್ಲಿಕ್‌ಳ ಮನೆಯೂ ಇತ್ತು, ಕಿಟಕಿಗೆ ಪರದೆ ಸಮೇತ. ಅದನ್ನು ಇಷ್ಟು ಪ್ರೀತಿಯಿಂದ ಕೆತ್ತಿದ ಕೈ ಯಾವುದೆಂದು ನೆನೆದು ಅವಳಿಗೆ ಉಗುಳಬೇಕೆನ್ನಿಸಿತು.

"ಹನ್ನೆರಡು ವರ್ಷದ ಕೆಲ್ಸ" ಎಂದ ಹಾರ್ಲನ್. ಮೇಜಿನ ತುದಿಯಲ್ಲಿದ್ದ ಕಪ್ಪು ಕಬ್ಬಿಣದ ಟ್ರಾನ್ಸ್‌ಫಾರ್ಮರಿನ ಮೇಲೆ ಕೈಯಿಟ್ಟ. "ಇದು ನಮ್ಮಪ್ಪಂದು. ನಂಗೆ ಆರು ವರ್ಷ ಆಗಿದ್ದಾಗ ಕ್ರಿಸ್ಮಸ್ಸಿಗೆ ತಂದಿದ್ದು. ಇಡೀ ಊರು ಓಡೋದು ಇದ್ರಿಂದ್ಲೇ."

ಕಾಫಿ ಮಾಡುತ್ತೇನೆಂದು ಅವನು ಮೇಲೆ ಹೋದ. ವರ್ನಾ ಗೋಡೆಯ ಹೊಸ ಸಾಕೆಟ್ಟಿನ ಮುಚ್ಚಳ ಬಿಚ್ಚಿದಳು. ಎರಡು ಕೊಕ್ಕೆಗಳೂ ಉಲ್ಟಾ. ಪ್ಯಾನೆಲ್ ಪೆಟ್ಟಿಗೆಯ ಮುಖ ತೆಗೆದಳು. ಜೋಡಿ ಬ್ರೇಕರ್ ಹಾಗೇ ಇತ್ತು, ಇನ್ನೂ ಎತ್ತಿರಲಿಲ್ಲ. ಅದರ ಒಂದು ಕಾಲಿಗೆ ಕಪ್ಪು ತಂತಿ, ಇನ್ನೊಂದಕ್ಕೆ ಬಿಳಿ ತಂತಿ. ಬಿಳಿಯದರ ಮೇಲೆ ಟೇಪು ಇರಲಿಲ್ಲ. ಮನುಷ್ಯ ಮೂವತ್ತೇಳು ವರ್ಷದಲ್ಲಿ ಮುದುಕನಾಗಿದ್ದ, ಅಜ್ಜನಾಗಿದ್ದ, ಕಣ್ಣು ಕಳೆದುಕೊಂಡಿದ್ದ. ಕಲಿತಿದ್ದು ಮಾತ್ರ ಏನೂ ಇಲ್ಲ. ಆ ಬ್ರೇಕರ್ ಎತ್ತಿದರೆ ಅವನ ಅಪ್ಪನ ಟ್ರಾನ್ಸ್‌ಫಾರ್ಮರಿಗೆ ಎರಡರಷ್ಟು ಕರೆಂಟು ನುಗ್ಗುತ್ತದೆ.

ಅವಳು ಅಲ್ಲೇ ಕಬ್ಬಿಣದ ಸ್ಟೂಲಿನ ಮೇಲೆ ಕೂತಳು. ಒಂದು ಮಾತು ಹೇಳಿದರೆ ಸಾಕಿತ್ತು. ಹತ್ತು ನಿಮಿಷದ ಕೆಲಸ. ತಪ್ಪು ಸಾಲಿಗೆ ಕರೆಂಟು ಬಿಡಬಾರದು ಎಂಬುದೊಂದೇ ಅವಳ ಜೀವಮಾನದ ಜಪ; ಅದಕ್ಕಾಗಿಯೇ ಊರು ಅವಳನ್ನು ನಂಬುತ್ತಿತ್ತು. ಹೇಳಿಬಿಡುತ್ತೇನೆ, ಆಮೇಲೆ ಡಬ್ಬ ತೆಗೆದು ತೋರಿಸುತ್ತೇನೆ, ಎಂದುಕೊಂಡಳು. ಹಾಗೆಂದುಕೊಂಡೇ ಎದ್ದಿದ್ದಳು.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಎರಡು ಜೊತೆ ಕಾಲಿನ ಸದ್ದು. ಹಾರ್ಲನ್ನನ ಹಿಂದೆ ಊರುಗೋಲು ಹಿಡಿದು ಇಳಿದು ಬಂದವನು ಕ್ಲೆಮ್ ಡುಡೆಕ್, ಅಂದಿನ ಸಮಿತಿಯ ಯಜಮಾನ, ಈಗ ಎಂಬತ್ತೆರಡು. ಇನ್ನೊಂದು ಕೈಯಲ್ಲಿ ಅಕ್ರೋಟಿನ ರೊಟ್ಟಿ. ರೈಲಿನ ಉದ್ಘಾಟನೆಗೆ ಕರೆಸಿಕೊಂಡಿದ್ದ.

"ಇವಳು ನೆನಪಿದಾಳಾ ಕ್ಲೆಮ್?" ಹಾರ್ಲನ್ ಕಾಫಿ ಲೋಟ ಇಡುತ್ತಾ ನಕ್ಕ. "ಪಾವ್ಲಿಕ್ ಮುದುಕಿ ಹೊಲಿಗೆ ಮಿಷನ್ನು ಹುರಿದು ಹಪ್ಪಳ ಮಾಡಿದ್ಲಲ್ಲ, ಅವಳೇ! ಮದುವೆ ಹೆಣ್ಣು ಲಂಗ ಇಲ್ದೆ ಚರ್ಚಿಗೆ ಹೋಗ್ಬೇಕಾಗಿತ್ತು! ಇವಳಪ್ಪ ಮುಖ ಎತ್ಕೊಂಡು ಓಡಾಡ್ಲಿಲ್ಲ ಆಮೇಲೆ, ಪಾಪ. ನಾನೇನೂ ಮನಸ್ಸಲ್ಲಿಟ್ಕೊಂಡಿಲ್ಲ ಕಣೇ ವರ್ನಾ. ಎಷ್ಟಾದ್ರೂ ಹುಡುಗಿ. ಆವತ್ತೇ ಕ್ಷಮಿಸ್ಬಿಟ್ಟೆ."

ಅವನು ಸುಳ್ಳು ಹೇಳುತ್ತಿರಲಿಲ್ಲ. ಅದೇ ಭಯಂಕರ. ಅವನ ಮುಖ ನೋಡಿದರೆ ಗೊತ್ತಾಗುತ್ತಿತ್ತು: ಹೇಳಿ ಹೇಳಿ ಅವನಿಗೆ ಅದು ನಿಜವಾಗಿಹೋಗಿತ್ತು. ಅವಳು ದಿನಾ ಹೊತ್ತ ಹೊರೆ ಅವನ ನೆನಪಿನಲ್ಲಿ ಒಂದು ನಗೆಹನಿಯಾಗಿ ಉಳಿದಿತ್ತು. ಅವಳನ್ನು ಅವನು ಕ್ಷಮಿಸಿದ್ದನಂತೆ.

ವರ್ನಾಳ ಬಾಯಿಗೆ ಬಂದಿದ್ದ ಮಾತು ಅಲ್ಲೇ ಸತ್ತಿತು.

"ವ್ಯಾನಿಂದ ಒಂದು ಸಾಮಾನು ತರ್ಬೇಕು" ಎಂದು ಹೊರಗೆ ಹೋಗಿ, ಬೆಂಕಿ ಆರಿಸುವ ಕೆಂಪು ಸಿಲಿಂಡರ್ ತಂದು ಪ್ಯಾನೆಲ್ ಪಕ್ಕ ಕಾಲಬುಡದಲ್ಲಿ ಇಟ್ಟುಕೊಂಡಳು. ಸಾಕೆಟ್ಟಿನ ಮುಚ್ಚಳ, ಪ್ಯಾನೆಲ್ಲಿನ ಮುಖ ಎರಡನ್ನೂ ಮತ್ತೆ ಹಾಕಿ ಸ್ಕ್ರೂ ಬಿಗಿದಳು.

"ನೋಡಿದ್ಯಾ?" ಎಂದ ಹಾರ್ಲನ್.

"ನೋಡ್ದೆ."

ನೋಡಿದೆ ಎಂದಳೇ ಹೊರತು ಸರಿಯಿದೆ ಎನ್ನಲಿಲ್ಲ. ಅವನಿಗೆ ಆ ವ್ಯತ್ಯಾಸ ಬೇಕೂ ಇರಲಿಲ್ಲ. "ನಾನ್ ಹೇಳ್ಲಿಲ್ವಾ! ಹಳೇ ಕೈ ಮರೆಯಲ್ಲ ಕ್ಲೆಮ್. ಬಾ ಹುಡುಗಿ, ನೀನೇ ಎತ್ತು ಬ್ರೇಕರು. ನಿಂಗೊಂದು ಮರ್ಯಾದೆ ಇರ್ಲಿ."

"ಅದಾಗಲ್ಲ ಮೇಷ್ಟ್ರೇ." ವರ್ನಾ ಕಿವಿಯ ಮೇಲಿನ ಪೆನ್ಸಿಲು ತೆಗೆದು ಅವನ ಎಡಗೈಗೆ ಕೊಟ್ಟಳು. "ತಂತಿ ಕಟ್ಟಿದ್ದು ಯಾರು?"

"ನಾನೇ. ಇನ್ಯಾರು? ಒಂದು ಸ್ಕ್ರೂನೂ ಬೇರೆಯೋರು ಮುಟ್ಟಿಲ್ಲ."

"ಕೇಳಿಸ್ತಾ ಕ್ಲೆಮ್? ಹಾಗಾದ್ರೆ ಚೀಟೀಲಿ ಬರೀರಿ. ಕಟ್ಟಿದೋನೇ ಬರೀಬೇಕು, ಕಟ್ಟಿದೋನೇ ಎತ್ಬೇಕು. ನೀವೇ ಕಲ್ಸಿದ್ದು."

ಹಾರ್ಲನ್ ಬಾಗಿ, ಕಣ್ಣು ಕಿರಿದು ಮಾಡಿ, ಚೀಟಿಯಲ್ಲಿ 'ಎಚ್.ಟಿ.' ಎಂದು ಬರೆದ. ಟೋಪಿ ಸರಿಮಾಡಿಕೊಂಡ. "ಎಲ್ರೂ ಹತ್ಕೊಳ್ಳಿ, ರೈಲು ಹೊರಡ್ತು!" ಎಂದು ಕೂಗಿ ಬ್ರೇಕರ್ ಎತ್ತಿದ.

ಊರು ಝಗ್ಗನೆ ಬೆಳಗಿತು. ಕುಲುಮೆ, ಸೇತುವೆ, ಸಾಲುಮನೆಗಳ ಕಿಟಕಿ, ಎಲ್ಲವೂ ಕಣ್ಣು ಕುಕ್ಕುವ ಬೆಳ್ಳಗೆ. ಟ್ರಾನ್ಸ್‌ಫಾರ್ಮರು ಗೂಳಿಯಂತೆ ಗುಟುರು ಹಾಕಿತು. ಎಂಜಿನ್ನು ಹುಚ್ಚು ವೇಗದಲ್ಲಿ ಒಂದು ಸುತ್ತು ಓಡಿ, ಚರ್ಚಿನ ತಿರುವಿನಲ್ಲಿ ಹಳಿ ಬಿಟ್ಟು ಹಾರಿ ನೆಲಕ್ಕೆ ಬಿತ್ತು. ಬಲ್ಬುಗಳು ಒಂದಾದ ಮೇಲೊಂದು ಪಟಪಟನೆ ಸಿಡಿದವು. ಕಪ್ಪು ಕಬ್ಬಿಣದ ಸಂದುಗಳಿಂದ ಹೊಗೆ ಎದ್ದಿತು. ಹಾರ್ಲನ್ ಬಾಯಿ ತೆರೆದು ನಿಂತಿದ್ದ. ವರ್ನಾ ಮನಸ್ಸಿನಲ್ಲೇ ಒಂದರಿಂದ ಐದರವರೆಗೆ ಎಣಿಸಿ, ಕೈ ಚಾಚಿ ಬ್ರೇಕರ್ ಇಳಿಸಿದಳು. ಸಿಲಿಂಡರ್ ಎತ್ತಿ ಎರಡು ಸಲ ಚಿಮ್ಮಿಸಿದಳು. ಊರಿನ ಮೇಲೆಲ್ಲ ಬಿಳಿ ಪುಡಿ ಹಿಮದಂತೆ ಕೂತಿತು.

ಹೊಟ್ಟೆಗೆ ಹಾಲು ಹೊಯ್ದಂತಾಯಿತು ಅವಳಿಗೆ. ಸುಳ್ಳೇಕೆ ಹೇಳಬೇಕು?

"ಕೆಟ್ಟ ಸಾಕೆಟ್ಟು" ಎಂದ ಹಾರ್ಲನ್, ದನಿಯೇ ಇಲ್ಲದೆ. "ಅಂಗಡಿಯೋನು ಕೆಟ್ಟಿರೋದು ಕೊಟ್ಟಿದಾನೆ."

"ಸಾಕೆಟ್ಟು ಚೆನ್ನಾಗಿದೆ." ವರ್ನಾ ಪ್ಯಾನೆಲ್ಲಿನ ಮುಖ ಬಿಚ್ಚಿ ದೀಪ ಹಿಡಿದಳು. "ಬನ್ನಿ ಕ್ಲೆಮ್. ಆವತ್ತು ನೋಡ್ಲಿಲ್ಲ, ಇವತ್ತಾದ್ರೂ ನೋಡಿ. ಜೋಡಿ ಬ್ರೇಕರು. ಬಿಳಿ ತಂತಿ ಇನ್ನೂ ಅದರಲ್ಲೇ ಇದೆ. ಟೇಪಿಲ್ಲ." ಗೋಡೆಯ ಸಾಕೆಟ್ಟನ್ನು ತಂತಿ ಸಮೇತ ಹೊರಗೆಳೆದಳು. ಚೀಲದಿಂದ ಡಬ್ಬ ತೆಗೆದು, ಮುಚ್ಚಳ ತಿರುಗಿಸಿ, ಸುಟ್ಟ ಸಾಕೆಟ್ಟನ್ನು ಅದರ ಪಕ್ಕದಲ್ಲಿ ಹಿಡಿದಳು. ಹಳೆಯದರ ಸ್ಕ್ರೂಗಳಲ್ಲಿ ಕತ್ತರಿಸಿದ ತಂತಿಯ ತುಂಡುಗಳು ಇನ್ನೂ ಕಚ್ಚಿಕೊಂಡಿದ್ದವು. "ಕೊಕ್ಕೆ ಯಾವ ಕಡೆಗಿದೆ ಹೇಳಿ. ಹೆಂಗಸ್ರ ಕೈಯೋ, ಎಡಗೈಯೋ?"

ಕ್ಲೆಮ್ ಊರುಗೋಲನ್ನು ಗೋಡೆಗೆ ಒರಗಿಸಿ ಕನ್ನಡಕ ಹಾಕಿಕೊಂಡ. ಬಹಳ ಹೊತ್ತು ನೋಡಿದ. ಅವನೂ ಐವತ್ತು ವರ್ಷ ತಂತಿ ತಿರುಚಿದವನು, ಅವನಿಗೆ ಹೇಳಿಕೊಡಬೇಕಾಗಿರಲಿಲ್ಲ.

"ಹಾರ್ಲನ್" ಎಂದ ಕೊನೆಗೆ. "ನೀನು ಊಟಕ್ಕೆ ಹೋಗಿದ್ದೆ ಅಂದಿದ್ದೆ."

ಹಾರ್ಲನ್ ಟೋಪಿ ತೆಗೆದು, ಸ್ಟೂಲಿನ ಮೇಲೆ ಕೂತು, ಹೊಗೆಯಾಡುವ ಟ್ರಾನ್ಸ್‌ಫಾರ್ಮರಿನ ಕಡೆ ನೋಡುತ್ತಿದ್ದ. ಅವನ ಮುಖದಲ್ಲಿ ಏನೋ ಒಂದು ನಿಧಾನವಾಗಿ ವಾಪಸು ಬರುತ್ತಿತ್ತು. "ಸಿಗರೇಟು ಸೇದ್ತಿದ್ದೆ" ಎಂದ. "ಹಿಂದಿನ ಮೆಟ್ಟಿಲ ಮೇಲೆ. ಊಟಕ್ಕೆ ಹೋಗಿರ್ಲಿಲ್ಲ." ಆಮೇಲೆ, "ನಂಗೆ ಆಗಷ್ಟೇ ಮೂರನೇ ಮಗು ಹುಟ್ಟಿತ್ತು, ವರ್ನಾ" ಎಂದ.

"ನಾನೂ ಒಬ್ಬರ ಮಗು."

ಅವನ ಮೇಲೆ ಅವಳಿಗೆ ಕನಿಕರ ಬರಲಿಲ್ಲ. ಬರಬಹುದೆಂದು ಸ್ವಲ್ಪ ಹೊತ್ತು ಕಾದೂ ನೋಡಿದಳು.

ಕ್ಲೆಮ್ ಊರುಗೋಲನ್ನು ಮತ್ತೆ ಕೈಗೆ ತೆಗೆದುಕೊಂಡ. "ಶುಕ್ರವಾರ ಮೀನೂಟಕ್ಕೆ ಎಲ್ರೂ ಬರ್ತಾರೆ. ನಾನೇ ಎದ್ದು ನಿಂತು ಹೇಳ್ತೀನಮ್ಮ. ನಮ್ ಸಮಿತಿ ತಪ್ಪು ಮಾಡ್ತು ಅಂತ. ಪ್ರತಿ ಮೇಜಿಗೂ ಹೋಗಿ ಹೇಳ್ತೀನಿ."

"ಗುಡ್ಡದ ಮೇಲಿನ ಸಮಾಧಿಗೂ ಹೋಗಿ ಹೇಳ್ತೀರಾ? ನಮ್ಮಪ್ಪ ಅಲ್ಲಿದಾನೆ."

ಕ್ಲೆಮ್ ತಲೆ ತಗ್ಗಿಸಿದ. ತಗ್ಗಿಸಿದ ಕಣ್ಣಿಗೆ ನೆಲದ ಮೇಲಿನ ಕೆಂಪು ಸಿಲಿಂಡರ್ ಬಿತ್ತು. ಅದನ್ನೇ ನೋಡುತ್ತಾ ನಿಂತ. ಮತ್ತೆ ಅವಳ ಮುಖ ನೋಡಿದ.

"ಇದನ್ನ ನೀನು ಅವನು ಬ್ರೇಕರ್ ಎತ್ತೋಕ್ ಮುಂಚೇನೇ ತಂದಿಟ್ಟೆ."

"ಹೌದು."

"ನಿಂಗೆ ಗೊತ್ತಿತ್ತು."

"ಗೊತ್ತಿತ್ತು."

"ಗೊತ್ತಿದ್ದೂ ಎತ್ತೋಕ್ ಬಿಟ್ಟೆ." ಅವನ ದನಿಯಲ್ಲಿ ಬೈಗುಳವಿರಲಿಲ್ಲ, ಆಶ್ಚರ್ಯವಿತ್ತು. "ಅವನಿಗಾದ್ರೂ ಆವತ್ತು ಗೊತ್ತಿರ್ಲಿಲ್ಲ ಮಗಳೇ. ಮರೆತಿದ್ದ."

ಅದು ನಿಜ ಎಂದು ವರ್ನಾಳಿಗೆ ಕ್ಲೆಮ್ ಹೇಳುವ ಮುಂಚೆಯೇ ಗೊತ್ತಿತ್ತು. ಐದರವರೆಗೆ ಎಣಿಸುವಾಗಲೇ ಗೊತ್ತಾಗಿತ್ತು. ಮುಖ್ಯ ಸ್ವಿಚ್ಚು ಇಳಿಸಿ, ಹಣೆಗೆ ದೀಪ ಕಟ್ಟಿಕೊಂಡು ಕೆಲಸಕ್ಕೆ ಕೂತಳು. ಜೋಡಿ ಬ್ರೇಕರ್ ಕಿತ್ತಳು, ಒಂಟಿ ಹಾಕಿದಳು. ಬಿಳಿ ತಂತಿಯನ್ನು ವಾಪಸು ಪಟ್ಟಿಗೆ ಕಟ್ಟಿದಳು. ಸಾಕೆಟ್ಟಿನ ಕೊಕ್ಕೆಗಳನ್ನು ನೇರಮಾಡಿ ಬಲಸುತ್ತು ಸುತ್ತಿದಳು. ಈಗ ಆ ಬಿಳಿ ತಂತಿಗೆ ಟೇಪು ಬೇಕಾಗಿರಲಿಲ್ಲ. ಮತ್ತೆ ಎಲ್ಲ ಎತ್ತಿ, ಮೀಟರು ಹಿಡಿದು ಮೂರು ಸಲ ನೋಡಿದಳು. ಮೂರು ಸಲವೂ ನೂರಿಪ್ಪತ್ತು.

ಸಾಮಾನು ಚೀಲಕ್ಕೆ ತುಂಬಿ, ಹಾರ್ಲನ್ನನ ಕೈಯಲ್ಲೇ ಉಳಿದಿದ್ದ ಪೆನ್ಸಿಲನ್ನು ತೆಗೆದುಕೊಂಡಳು. ಪ್ಯಾನೆಲ್ ಬಾಗಿಲ ಚೀಟಿಯಲ್ಲಿ ಅವನ 'ಎಚ್.ಟಿ.' ಕೆಳಗೆ, ಅದೇ ತಾರೀಖಿಗೆ, 'ವಿ.ಎಸ್.' ಎಂದು ಬರೆದಳು. ಇಪ್ಪತ್ತಮೂರರ ಹುಡುಗಿ ಬರೆದಷ್ಟೇ ಅಂದವಾಗಿ.

"ಶುಕ್ರವಾರ ಹೇಳೋವಾಗ ನಾನು ಗೊತ್ತಿದ್ದೂ ಬಿಟ್ಟೆ ಅನ್ನೋದನ್ನೂ ಸೇರಿಸಿ ಹೇಳಿ ಕ್ಲೆಮ್" ಎಂದಳು. "ಆವತ್ತು ಬರ್ದಿದ್ದು ಸುಳ್ಳು. ಇವತ್ತಿಂದು ನಿಜ."

ಕಾಫಿಪುಡಿ ಡಬ್ಬವನ್ನು ಅಲ್ಲೇ ಮಿಲ್ ಬೀದಿಯ ಬಿಳಿ ಪುಡಿಯ ಮೇಲೆ ಬಿಟ್ಟು, ಮೆಟ್ಟಿಲು ಹತ್ತಿ ಹೋದಳು.